ಗರಗಸದ ಉದ್ದವೂ ಯಂತ್ರದ ಬಲವೂ

ಯಾದಗಿರಿಯಿಂದ ಹೊರಟು, ಭೀಮಾ ನದಿಯನ್ನು ದಾಟಿ ಶಹಾಪುರಕ್ಕೆ, ಅಲ್ಲಿಂದ ಮುಂದೆ ಸುರಪುರಕ್ಕೆ ಪ್ರಯಾಣ ಮಾಡುವವರ ಕಣ್ಣಿಗೆ ಬೀಳುವ ಗಿಡಗಳಲ್ಲಿ ಬಳ್ಳಾರಿ ಜಾಲಿಗೆ ಮೊದಲ ಸ್ಥಾನ ಸಲ್ಲಬೇಕು. ರಸ್ತೆಯ ಬದಿ, ಕೆರೆಯ ಅಂಗಳ, ಹಳ್ಳದ ದಂಡೆ, ಕಾಲುವೆಯ ಏರಿ, ಬೀಳುಬಿದ್ದ ಹೊಲ, ಎಲ್ಲೆಲ್ಲಿಯೂ ಇದು ಬೇರೂರಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕಗಳು ಇದರ ತವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದು ಭಾರತಕ್ಕೆ ಬಂದಿತು. ಸೌದೆಗೂ ಇದ್ದಿಲಿಗೂ ಒಳ್ಳೆಯ ಮರವೆಂಬುದು ನಿಜ. ಆದರೆ ಒಮ್ಮೆ ಹೊಲಕ್ಕೆ ನುಗ್ಗಿತೆಂದರೆ ಇದನ್ನು ಹೊರಗಟ್ಟುವುದು ಸುಲಭವಲ್ಲ. ಬುಡಕ್ಕೆ ಕಡಿದರೆ ಅದೇ ಬುಡದಿಂದ ನಾಲ್ಕಾರು ಹೊಸ ಕಾಂಡಗಳು ಚಿಗುರಿ ಮೇಲೇಳುವುವು.

ಹಿಂದೆ ಈ ಕೆಲಸಕ್ಕೆ ಕೊಡಲಿಯೊಂದೇ ಗತಿಯಾಗಿತ್ತು. ಈಗ ಪೆಟ್ರೋಲಿನಿಂದ ಓಡುವ ಸರಪಣಿ ಗರಗಸ ಹಳ್ಳಿಗಳಿಗೂ ಬಂದಿದೆ. ಜನರು ಇದನ್ನು ಚೈನ್‌ಸಾ ಎನ್ನುತ್ತಾರೆ. ಹೊಸ ಯಂತ್ರಕ್ಕೆ ಹಣ ಸಾಲದವರು ಹಲವು ವರ್ಷ ದುಡಿದ ಹಳೆಯ ಯಂತ್ರವನ್ನು ಕೊಳ್ಳುವುದುಂಟು. ಇಂಥ ಯಂತ್ರದ ಎಂಜಿನು ಇನ್ನೂ ಓಡುತ್ತಿದ್ದರೂ, ಸರಪಣಿಯನ್ನು ಹೊತ್ತಿರುವ ಉಕ್ಕಿನ ಪಟ್ಟಿ, ಎಂದರೆ ಬಾರ್, ಸಾಮಾನ್ಯವಾಗಿ ಸವೆದಿರುತ್ತದೆ. ಹೊಸ ಬಾರ್ ಹಾಕಿಸಬೇಕು. ಆಗ ಏಳುವ ಪ್ರಶ್ನೆ: ಅದು ಎಷ್ಟು ಉದ್ದವಿರಬೇಕು?

“ಉದ್ದದ್ದೇ ಇರಲಿ, ಸಣ್ಣ ಗಿಡವನ್ನೂ ಕೊಯ್ಯಬಹುದು, ದೊಡ್ಡ ಗಿಡವನ್ನೂ ಕೊಯ್ಯಬಹುದು” ಎಂಬುದು ಯಾರಿಗಾದರೂ ತಟ್ಟನೆ ಹೊಳೆಯುವ ಉತ್ತರ. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ಈ ಉತ್ತರದ ಎದುರಿಗೆ ನಿಲ್ಲಿಸಿ ನೋಡಿದರೆ ಅದು ನಿಲ್ಲುವುದಿಲ್ಲ. ಹೇಗೆಂಬುದನ್ನು ವಿಚಾರಿಸೋಣ. ಈ ವಿಚಾರದಲ್ಲಿ ಪೆಟ್ರೋಲಿನ ಉಳಿತಾಯವಷ್ಟೇ ಅಲ್ಲ, ಯಂತ್ರವನ್ನು ಹಿಡಿದವನ ಕೈಕಾಲುಗಳ ಕ್ಷೇಮವೂ ಅಡಗಿದೆ.

ಯಂತ್ರದ ರಚನೆ

ಸರಪಣಿ ಗರಗಸದ ಹೃದಯವೆಂದರೆ ಒಂದು ಚಿಕ್ಕ ಎರಡು ಹೊಡೆತದ ಎಂಜಿನು. ಎಂಜಿನಿನ ದಂಡಕ್ಕೆ ಕ್ಲಚ್ಚಿನ ಮೂಲಕ ಸ್ಪ್ರಾಕೆಟ್ ಎಂಬ ಹಲ್ಲುಗಾಲಿ ಸೇರಿರುತ್ತದೆ. ಬೈಸಿಕಲ್ಲಿನ ಚೈನಿನಂತೆಯೇ ಸರಪಣಿಯು ಈ ಗಾಲಿಯನ್ನು ಬಳಸಿ, ಬಾರಿನ ಅಂಚಿನ ಕಾಲುವೆಯಂಥ ಗಾಡಿಯಲ್ಲಿ ಜಾರುತ್ತ, ತುದಿಯನ್ನು ಸುತ್ತಿ ಹಿಂದಿರುಗುವುದು. ಸರಪಣಿಯ ಕೊಂಡಿಗಳಲ್ಲಿ ಕೆಲವಕ್ಕೆ ಕೆಳಮುಖವಾದ ನಾಲಗೆಯುಂಟು. ಸ್ಪ್ರಾಕೆಟ್ಟು ಎಳೆಯುವುದು ಈ ನಾಲಗೆಗಳನ್ನು. ಇವನ್ನು ಚಾಲಕ ಕೊಂಡಿಗಳೆನ್ನೋಣ. ಇನ್ನು ಕೆಲವು ಕೊಂಡಿಗಳ ಮೇಲೆ ಕೊಯ್ಯುವ ಹಲ್ಲುಗಳಿವೆ. ಒಂದು ಹಲ್ಲು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆಯೂ ಒಂದು ಚಿಕ್ಕ ಉಬ್ಬು ಇರುತ್ತದೆ. ಹಲ್ಲು ಈ ಉಬ್ಬಿಗಿಂತ ಸುಮಾರು ೦.೬ ಮಿಲಿಮೀಟರಿನಷ್ಟೇ ಎತ್ತರ. ಆದ್ದರಿಂದ ಒಂದು ಹಲ್ಲು ಒಮ್ಮೆಗೆ ಕೀಳಬಹುದಾದ ಚಕ್ಕೆಯ ದಪ್ಪಕ್ಕೂ ಅದೇ ಮಿತಿ.

ಮರವನ್ನು ಗೀಚದೆ ಚಕ್ಕೆಯಾಗಿ ಕೀಳುವ ಈ ಹಲ್ಲಿನ ಕಥೆ ಸ್ವಾರಸ್ಯವಾದುದು. ಜರ್ಮನಿಯಲ್ಲಿ ೧೯೨೬ರಲ್ಲಿ ಆಂಡ್ರಿಯಾಸ್ ಸ್ಟಿಲ್ ಎಂಬಾತನು ವಿದ್ಯುತ್ತಿನಿಂದ ನಡೆಯುವ ಸರಪಣಿ ಗರಗಸವನ್ನೂ, ೧೯೨೭ರಲ್ಲಿ ಎಮಿಲ್ ಲೆರ್ಪ್ ಎಂಬಾತನು ಪೆಟ್ರೋಲಿನಿಂದ ನಡೆಯುವ ಗರಗಸವನ್ನೂ ಸಿದ್ಧಪಡಿಸಿದರು. ಆ ಯಂತ್ರಗಳನ್ನು ಎತ್ತಿ ಹಿಡಿಯಲು ಇಬ್ಬರು ಬೇಕಾಗಿತ್ತು. ಅವುಗಳ ಹಲ್ಲುಗಳು ಕೈಗರಗಸದ ಹಲ್ಲುಗಳನ್ನೇ ಹೋಲುತ್ತಿದ್ದುವು, ಬಹುಬೇಗ ಮೊಂಡಾಗುತ್ತಿದ್ದುವು. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ಮರ ಕಡಿಯುವ ವೃತ್ತಿಯ ಜೋಸೆಫ್ ಕಾಕ್ಸ್ ಎಂಬಾತನು, ಕಟ್ಟಿಗೆಯನ್ನು ಕೊರೆಯುವ ಒಂದು ದುಂಬಿಯ ಮರಿಹುಳು ತನ್ನ ದವಡೆಗಳನ್ನು ಎಡಬಲಕ್ಕೆ ಆಡಿಸುತ್ತ ಮುಂದುವರಿಯುವುದನ್ನು ಕಂಡು, ಅದೇ ರೀತಿಯ ಹಲ್ಲನ್ನು ಉಕ್ಕಿನಲ್ಲಿ ಮಾಡಿದನು. ೧೯೪೭ರಲ್ಲಿ ಅವನು ಅದರ ತಯಾರಿಕೆಗೆ ಕಂಪನಿಯನ್ನು ತೆರೆದನು. ಇಂದಿನ ಸರಪಣಿಗಳೆಲ್ಲ ಬಹುಮಟ್ಟಿಗೆ ಆ ಹುಳುವಿನ ಶಿಷ್ಯರೇ ಎನ್ನಬಹುದು.

ಒಂದೊಂದು ಹಲ್ಲಿಗೆ ಎಷ್ಟು ಬಲ?

ಈಗ ಲೆಕ್ಕಕ್ಕೆ ಬರೋಣ. ಸ್ಪ್ರಾಕೆಟ್ಟಿಗೆ ೭ ಹಲ್ಲುಗಳಿವೆಯೆಂದೂ, ಸರಪಣಿಯ ಚಾಲಕ ಕೊಂಡಿಗಳು ಒಂದರಿಂದೊಂದು ಸುಮಾರು ೧.೮೬ ಸೆಂಟಿಮೀಟರ್ ದೂರದಲ್ಲಿವೆಯೆಂದೂ ಇಟ್ಟುಕೊಳ್ಳೋಣ. ಬಳಕೆಯಲ್ಲಿರುವ ಬಹಳಷ್ಟು ಯಂತ್ರಗಳಲ್ಲಿ ಹೀಗೆಯೇ ಇರುತ್ತದೆ. ಸ್ಪ್ರಾಕೆಟ್ಟು ಒಂದು ಸುತ್ತು ತಿರುಗಿದರೆ ಸರಪಣಿ ೧೩ ಸೆಂಟಿಮೀಟರ್ ಮುಂದೆ ಸಾಗುವುದು. ಎಂಜಿನು ನಿಮಿಷಕ್ಕೆ ೯,೦೦೦ ಸುತ್ತು, ಎಂದರೆ ಸೆಕೆಂಡಿಗೆ ೧೫೦ ಸುತ್ತು ತಿರುಗುತ್ತಿದ್ದರೆ, ಸರಪಣಿಯ ವೇಗ ಸೆಕೆಂಡಿಗೆ ಸುಮಾರು ೨೦ ಮೀಟರ್ ಆಯಿತು. ಇದು ಗಂಟೆಗೆ ೭೦ ಕಿಲೋಮೀಟರಿಗೂ ಮಿಗಿಲಾದ ವೇಗ. ಹೆದ್ದಾರಿಯಲ್ಲಿ ಓಡುವ ಬಸ್ಸಿನ ವೇಗವೆನ್ನಿ.

ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಎಂಜಿನಿನ ಸಾಮರ್ಥ್ಯ ೨.೫ ಕಿಲೋವಾಟ್ ಎಂದಾದರೆ, ೨,೫೦೦ನ್ನು ೨೦ರಿಂದ ಭಾಗಿಸಬೇಕು. ಸರಪಣಿಯನ್ನು ಎಳೆಯುವ ಬಲ ೧೨೫ ನ್ಯೂಟನ್ ಎಂದು ದೊರೆಯುವುದು. ಇದು ಸುಮಾರು ೧೩ ಕಿಲೋಗ್ರಾಂ ತೂಕದ ಗಂಟನ್ನು ಎತ್ತಿ ಹಿಡಿಯಲು ಬೇಕಾದಷ್ಟು ಬಲ. ಇಷ್ಟೇ ನಮ್ಮ ಬಂಡವಾಳ. ಬಾರನ್ನು ಎಷ್ಟೇ ಉದ್ದ ಮಾಡಿದರೂ ಈ ಬಂಡವಾಳ ಒಂದು ನ್ಯೂಟನ್ನಿನಷ್ಟೂ ಹೆಚ್ಚುವುದಿಲ್ಲ. ಅದನ್ನು ಹಂಚಿಕೊಳ್ಳುವ ಹಲ್ಲುಗಳ ಸಂಖ್ಯೆ ಮಾತ್ರ ಹೆಚ್ಚುವುದು.

ಎರಡು ಚಾಲಕ ಕೊಂಡಿಗಳಿಗೆ ಒಂದರಂತೆ ಹಲ್ಲುಗಳಿರುವ ಸಾಧಾರಣ ಸರಪಣಿಯಲ್ಲಿ ಪ್ರತಿ ೩.೭ ಸೆಂಟಿಮೀಟರಿಗೆ ಒಂದು ಹಲ್ಲು. ೪೫ ಸೆಂಟಿಮೀಟರ್, ಎಂದರೆ ಸುಮಾರು ೧೮ ಅಂಗುಲದ ಬಾರ್ ದಪ್ಪ ದಿಮ್ಮಿಯೊಳಗೆ ಪೂರ್ಣವಾಗಿ ಹುದುಗಿದಾಗ, ಮರವನ್ನು ಏಕಕಾಲದಲ್ಲಿ ಕಚ್ಚುತ್ತಿರುವ ಹಲ್ಲುಗಳು ಸರಾಸರಿ ೧೨. ಒಂದೊಂದು ಹಲ್ಲಿನ ಪಾಲಿಗೆ ಬರುವುದು ೧೦ ನ್ಯೂಟನ್ನಿಗಿಂತ ಸ್ವಲ್ಪ ಹೆಚ್ಚು. ಘರ್ಷಣೆಯಲ್ಲಿ ಹೋಗುವ ಭಾಗವನ್ನು ಸದ್ಯಕ್ಕೆ ಲೆಕ್ಕಕ್ಕೆ ಹಿಡಿದಿಲ್ಲ.

ಹೊಲದ ಕೆಲಸವನ್ನು ಬಲ್ಲವರಿಗೆ ಇದನ್ನು ಕುಂಟೆಯ ಉದಾಹರಣೆಯಿಂದ ವಿವರಿಸಬಹುದು. ಎತ್ತುಗಳು ಅವೇ, ಎರೆಯ ಹೊಲವೂ ಅದೇ. ಕುಂಟೆಯ ಕುಡ ಮಾತ್ರ ಅಗಲವಾಯಿತೆನ್ನಿ. ಕೆಲಸ ಬೇಗನೆ ಮುಗಿಯುವುದೆ? ಇಲ್ಲ. ಎತ್ತುಗಳು ತಡವರಿಸುವುವು, ಇಲ್ಲವೆ ಕುಡವು ಮಣ್ಣಿನೊಳಗೆ ಇಳಿಯದೆ ಮೇಲ್ಮೈಯನ್ನು ಕೆರೆದುಕೊಂಡು ಹೋಗುವುದು. ಬಲ ಸಾಲದ ಹಲ್ಲೂ ಹೀಗೆಯೇ. ಅದು ಚಕ್ಕೆಯನ್ನು ಕೀಳುವುದಿಲ್ಲ, ಮರವನ್ನು ಉಜ್ಜುವುದು. ಎಂಜಿನಿನ ಕೆಲಸವೆಲ್ಲ ಕೊಯ್ತವಾಗುವ ಬದಲು ಶಾಖವಾಗುವುದು. ಬಾರ್ ಬಿಸಿಯಾಗಿ, ಎಣ್ಣೆ ಸುಟ್ಟು, ಸರಪಣಿ ಹಿಗ್ಗಿ ಸಡಿಲವಾಗುವುದು. ಯಂತ್ರ ಸರಿಯಾಗಿ ಕೊಯ್ಯುತ್ತಿದೆಯೆ ಎಂದು ತಿಳಿಯಲು ಉಪಕರಣವೇನೂ ಬೇಕಿಲ್ಲ. ನೆಲದ ಮೇಲೆ ಬಿದ್ದುದನ್ನು ನೋಡಿದರೆ ಸಾಕು. ದಪ್ಪ ಚಕ್ಕೆಗಳು ಬಿದ್ದಿದ್ದರೆ ಹಲ್ಲುಗಳು ಕೊಯ್ಯುತ್ತಿವೆ. ಹಿಟ್ಟಿನಂಥ ಪುಡಿ ಬಿದ್ದಿದ್ದರೆ, ಒಂದೋ ಹಲ್ಲು ಮೊಂಡಾಗಿದೆ, ಇಲ್ಲವೆ ಅದಕ್ಕೆ ಬಲ ಸಾಲದು.

ಹಳೆಯ ಯಂತ್ರದ ಲೆಕ್ಕ

ಹಲವು ವರ್ಷ ದುಡಿದ ಎಂಜಿನಿನಲ್ಲಿ ಪಿಸ್ಟನ್ನಿನ ಉಂಗುರಗಳು ಸವೆದು ಅನಿಲವು ಸಂದಿಯಿಂದ ಸೋರುವುದು. ಹೊಗೆ ಹೊರಹೋಗುವ ದಾರಿಯಲ್ಲಿ ಮಸಿ ಕಟ್ಟುವುದು. ಪರಿಣಾಮವಾಗಿ ಸಾಮರ್ಥ್ಯವು ಕುಂದುವುದು. ಐದನೆಯ ಒಂದು ಪಾಲು ಕುಂದಿದೆಯೆಂದು ಭಾವಿಸೋಣ. ಈಗ ಉಳಿದುದು ೨ ಕಿಲೋವಾಟ್. ಅದೇ ವೇಗದಲ್ಲಿ ದೊರೆಯುವ ಬಲ ೧೦೦ ನ್ಯೂಟನ್. ೪೫ ಸೆಂಟಿಮೀಟರಿನ ಬಾರನ್ನೇ ಉಳಿಸಿಕೊಂಡರೆ ಒಂದೊಂದು ಹಲ್ಲಿಗೆ ಬರುವುದು ೮ ನ್ಯೂಟನ್ ಮಾತ್ರ. ಬಾರನ್ನು ೩೬ ಸೆಂಟಿಮೀಟರಿಗೆ, ಎಂದರೆ ಸುಮಾರು ೧೪ ಅಂಗುಲಕ್ಕೆ ಇಳಿಸಿದರೋ? ಮರದೊಳಗಿರುವ ಹಲ್ಲುಗಳು ಸರಾಸರಿ ಹತ್ತಕ್ಕಿಂತ ಕಡಿಮೆ. ಒಂದೊಂದರ ಪಾಲು ಮತ್ತೆ ೧೦ ನ್ಯೂಟನ್ನಿಗಿಂತ ಸ್ವಲ್ಪ ಹೆಚ್ಚು. ಹೊಸತರಲ್ಲಿ ಉದ್ದನೆಯ ಬಾರಿನೊಡನೆ ಹಲ್ಲಿಗೆ ಎಷ್ಟು ಬಲವಿದ್ದಿತೋ ಅಷ್ಟೇ ಬಲ ಈಗಲೂ ಉಂಟು! ಆದ್ದರಿಂದ ನಿಯಮವನ್ನು ಹೀಗೆ ಹೇಳಬಹುದು: ಸಾಮರ್ಥ್ಯವು ಯಾವ ಪ್ರಮಾಣದಲ್ಲಿ ಕುಂದಿದೆಯೋ ಬಾರಿನ ಉದ್ದವೂ ಅದೇ ಪ್ರಮಾಣದಲ್ಲಿ ಕುಂದಲಿ.

ಇಲ್ಲಿ ಒಂದು ಸಂದೇಹ ಬರಬಹುದು. ಉದ್ದನೆಯ ಬಾರಿನಿಂದ ತೆಳ್ಳನೆಯ ದಿಮ್ಮಿಯನ್ನು ಕೊಯ್ದರೆ ಮರದೊಳಗಿರುವ ಹಲ್ಲುಗಳು ಕೆಲವೇ ತಾನೆ? ಆಗ ನಷ್ಟವೇನು? ಹಲ್ಲುಗಳ ಲೆಕ್ಕದಲ್ಲಿ ನಷ್ಟವಿಲ್ಲವೆಂಬುದು ದಿಟ. ಆದರೆ ಉದ್ದನೆಯ ಸರಪಣಿಯ ಅಷ್ಟೂ ಕೊಂಡಿಗಳು ಗಾಡಿಯಲ್ಲಿ ಉಜ್ಜುತ್ತಲೇ ಓಡಬೇಕು. ಅಷ್ಟು ಉದ್ದಕ್ಕೂ ಎಣ್ಣೆ ತಲಪಬೇಕು. ಹಳೆಯ ಯಂತ್ರದ ದಣಿದ ಎಣ್ಣೆಯ ಪಂಪು ಇದಕ್ಕೆ ಸಾಲದೆ ಬರಬಹುದು. ಇದರ ಮೇಲೆ ತೂಕದ ವಿಷಯ ಬೇರೆ.

ಹಳೆಯದೆಂದ ಮಾತ್ರಕ್ಕೆ ಎಲ್ಲ ಯಂತ್ರಗಳೂ ಒಂದೇ ಅಲ್ಲವೆಂಬುದನ್ನೂ ಹೇಳಬೇಕು. ೧೯೫೦ರ ದಶಕದವರೆಗಿನ ಅನೇಕ ಗರಗಸಗಳಲ್ಲಿ ಎಂಜಿನಿಗೂ ಸ್ಪ್ರಾಕೆಟ್ಟಿಗೂ ನಡುವೆ ಗಿಯರುಗಳಿದ್ದು, ಸರಪಣಿ ನಿಧಾನವಾಗಿ ಓಡುತ್ತಿತ್ತು. ವೇಗ ಅರ್ಧವಾದರೆ ಅದೇ ಸಾಮರ್ಥ್ಯದಿಂದ ಇಮ್ಮಡಿ ಬಲ ದೊರೆಯುವುದಷ್ಟೆ. ಆದಕಾರಣ ಅವು ಬಹು ಉದ್ದನೆಯ ಬಾರುಗಳನ್ನು ಎಳೆಯಬಲ್ಲವಾಗಿದ್ದುವು. ೧೯೫೯ರಲ್ಲಿ ಬಂದ ಸ್ಟಿಲ್ ಕಂಪನಿಯ ಕಾಂಟ್ರಾ ಎಂಬ ಮಾದರಿಯಂಥ, ಗಿಯರಿಲ್ಲದ ಹಗುರವಾದ ಯಂತ್ರಗಳು ಜನಪ್ರಿಯವಾದ ಮೇಲೆ ವೇಗಕ್ಕೆ ಪ್ರಾಧಾನ್ಯ ಬಂದಿತು. ನಮ್ಮ ಕಡೆ ಕೈಬದಲಾಗುವ ಹಳೆಯ ಯಂತ್ರಗಳು ಈ ಎರಡನೆಯ ಬಗೆಯವು. ಮೇಲಿನ ಲೆಕ್ಕ ಇವಕ್ಕೆ ಸಲ್ಲುವುದು.

ಸನ್ನೆಯ ನಿಯಮ

ಬಾರ್ ಒಂದೇ ಸಮನಾದ ಅಗಲ ಮತ್ತು ದಪ್ಪವುಳ್ಳ ಪಟ್ಟಿಯೆಂದುಕೊಂಡರೆ, ಉದ್ದ ಇಮ್ಮಡಿಯಾದಾಗ ತೂಕವೂ ಇಮ್ಮಡಿ. ಅದರ ಗುರುತ್ವಕೇಂದ್ರವೂ ಹಿಡಿಯಿಂದ ಇಮ್ಮಡಿ ದೂರಕ್ಕೆ ಸರಿಯುವುದು. ತೂಕವನ್ನು ದೂರದಿಂದ ಗುಣಿಸಿದರೆ ಬರುವ, ಮೂತಿಯನ್ನು ನೆಲದ ಕಡೆಗೆ ಬಾಗಿಸುವ ಪರಿಣಾಮವು ನಾಲ್ಮಡಿಯಾಗುವುದು. ೩೬ ಸೆಂಟಿಮೀಟರಿನ ಬದಲು ೫೪ ಸೆಂಟಿಮೀಟರಿನ ಬಾರ್ ಹಾಕಿದರೆ ಉದ್ದ ಹೆಚ್ಚುವುದು ಒಂದೂವರೆ ಪಟ್ಟು. ಮಣಿಕಟ್ಟಿನ ಮೇಲಿನ ಈ ಭಾರ ಹೆಚ್ಚುವುದು ಎರಡೂಕಾಲು ಪಟ್ಟು. ಬೇಸಗೆಯ ಬಿಸಿಲಿನಲ್ಲಿ ದಿನವಿಡೀ ದುಡಿಯುವವನ ತೋಳು ಈ ಲೆಕ್ಕವನ್ನು ಪುಸ್ತಕವಿಲ್ಲದೆಯೇ ಕಲಿಯುವುದು. ದಣಿದ ತೋಳಿನ ಹಿಡಿತ ಸಡಿಲವಾಗುವುದು. ಅಪಾಯಕ್ಕೆ ಅದೇ ಬಾಗಿಲು.

ತುದಿಯ ಅಪಾಯ

ಬಾರಿನ ಮೇಲಂಚಿನಲ್ಲಿ ಸರಪಣಿಯು ಹಿಡಿದವನಿಂದ ದೂರಕ್ಕೆ ಓಡುವುದು. ತುದಿಯಲ್ಲಿ ಕೆಳಕ್ಕೆ ತಿರುಗಿ, ಕೆಳಂಚಿನಲ್ಲಿ ಅವನ ಕಡೆಗೆ ಹಿಂದಿರುಗುವುದು. ತುದಿಯ ಮೇಲಿನ ಕಾಲುಭಾಗ ಯಾವುದಾದರೂ ಕೊಂಬೆಗೆ ತಗುಲಿ ಹಲ್ಲು ಅಲ್ಲಿ ಸಿಕ್ಕಿಕೊಂಡಿತೆನ್ನೋಣ. ಹಲ್ಲು ಮರವನ್ನು ಕೆಳಕ್ಕೂ ಮುಂದಕ್ಕೂ ನೂಕುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ಮರವು ಬಾರನ್ನು ಮೇಲಕ್ಕೂ ಹಿಂದಕ್ಕೂ ನೂಕುತ್ತದೆ. ಬಾರ್ ಚಿಮ್ಮಿ, ಕಮಾನಿನಂತೆ ತಿರುಗಿ, ಹಿಡಿದವನ ಮುಖ, ಕೊರಳು, ಹೆಗಲುಗಳ ಕಡೆಗೆ ಬರುವುದು.

ಮನುಷ್ಯನು ಅನಿರೀಕ್ಷಿತವಾದುದನ್ನು ಕಂಡು ಕೈಯನ್ನು ಚಲಿಸುವುದಕ್ಕೆ ಸುಮಾರು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರೊಳಗೆ ಸೆಕೆಂಡಿಗೆ ೨೦ ಮೀಟರ್ ವೇಗದ ಸರಪಣಿಯು ೪ ಮೀಟರ್ ಓಡಿರುವುದು. ಒಂದು ಬಿಂದುವನ್ನು ನೂರಕ್ಕೂ ಹೆಚ್ಚು ಹಲ್ಲುಗಳು ಹಾದುಹೋಗಿರುವುವು. ಎಚ್ಚರಿಕೆಯಿಂದ ಇದ್ದರೆ ತಪ್ಪಿಸಿಕೊಳ್ಳಬಹುದೆಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ಈ ಕಾರಣದಿಂದಲೇ ಚಿಮ್ಮಿದೊಡನೆ ಸರಪಣಿಯನ್ನು ನಿಲ್ಲಿಸುವ ಬ್ರೇಕನ್ನು ತಯಾರಕರು ೧೯೭೦ರ ದಶಕದಲ್ಲಿ ಅಳವಡಿಸತೊಡಗಿದರು. ಹಳೆಯ ಯಂತ್ರದಲ್ಲಿ ಈ ಬ್ರೇಕು ಇಲ್ಲದಿರಬಹುದು, ಇದ್ದರೂ ಕೆಟ್ಟಿರಬಹುದು. ಅದನ್ನು ಸರಿಪಡಿಸದೆ ಯಂತ್ರವನ್ನು ಬಳಸಕೂಡದು. ಬ್ರೇಕೇ ಇಲ್ಲದ ಯಂತ್ರವನ್ನು ಕೊಳ್ಳದಿರುವುದು ಲೇಸು.

ಬಾರಿನ ಉದ್ದಕ್ಕೂ ಇದಕ್ಕೂ ಏನು ಸಂಬಂಧ? ಒಂದು ಗೇಣು ದಪ್ಪದ ಕಾಂಡವನ್ನು ಉದ್ದನೆಯ ಬಾರಿನಿಂದ ಕೊಯ್ಯುವಾಗ, ತುದಿಯು ಕಾಂಡದ ಆಚೆ ಬಹುದೂರ ಚಾಚಿಕೊಂಡಿರುತ್ತದೆ. ಅಲ್ಲಿ ಅದು ಏನನ್ನು ಮುಟ್ಟುತ್ತಿದೆಯೆಂಬುದು ಕೊಯ್ಯುವವನಿಗೆ ಕಾಣದು. ಈಗ ಬಳ್ಳಾರಿ ಜಾಲಿಯ ಪೊದೆಯನ್ನು ನೆನೆಯಿರಿ. ಒಂದೇ ಬುಡದಿಂದ ನಾಲ್ಕೈದು ಕಾಂಡಗಳು, ಅವುಗಳ ನಡುವೆ ಹೆಣೆದುಕೊಂಡ ಮುಳ್ಳುಕೊಂಬೆಗಳು. ಒಂದನ್ನು ಕೊಯ್ಯುವ ಬಾರಿನ ತುದಿ ಪಕ್ಕದ ಇನ್ನೊಂದನ್ನು ಮುಟ್ಟದಿರುವುದೇ ಕಷ್ಟ. ಅಂಗುಲ ಹೆಚ್ಚಿದಷ್ಟೂ ಗಂಡಾಂತರ ಹೆಚ್ಚು. ಬಯಲುನಾಡಿನಲ್ಲಿ ಗಿಡ್ಡ ಬಾರೇ ತಕ್ಕದ್ದೆಂದು ನಾವು ಹೇಳುವುದಕ್ಕೆ ಎಂಜಿನಿನ ಬಲದಷ್ಟೇ ಮುಖ್ಯವಾದ ಕಾರಣ ಇದು.

ಯಾವ ಮರಕ್ಕೆ ಯಾವ ಬಾರ್?

ಸಾಧಾರಣವಾದ ನಿಯಮವೆಂದರೆ, ದಿನನಿತ್ಯ ಕೊಯ್ಯುವ ದಿಮ್ಮಿಯ ವ್ಯಾಸಕ್ಕಿಂತ ಬಾರ್ ಎರಡು ಅಂಗುಲ ಉದ್ದವಿರಬೇಕು. ನಮ್ಮ ಮೂರು ಊರುಗಳ ಸುತ್ತಿನ ಜಾಲಿಯ ಕಾಂಡಗಳು ತೋಳಿನಷ್ಟೋ ತೊಡೆಯಷ್ಟೋ ದಪ್ಪ. ಹನ್ನೆರಡು ಅಂಗುಲವನ್ನು ಮೀರುವವು ಅಪರೂಪ. ಇವಕ್ಕೆ ೧೪ ಅಂಗುಲದ ಬಾರ್ ಧಾರಾಳವಾಯಿತು. ಆದರೆ ಜಾಲಿಯ ಕಟ್ಟಿಗೆ ಬಹು ಗಟ್ಟಿ. ನೀರಿಗಿಂತ ಸ್ವಲ್ಪವೇ ಹಗುರ. ಮೆತ್ತನೆಯ ಮರಕ್ಕೆ ಸಾಕಾಗುವ ಬಲ ಇದಕ್ಕೆ ಸಾಲದು. ತಯಾರಕರು ಒಂದು ಯಂತ್ರಕ್ಕೆ ೧೪ರಿಂದ ೧೮ ಅಂಗುಲದವರೆಗೆ ಬಾರ್ ಹಾಕಬಹುದೆಂದು ಹೇಳಿದ್ದರೆ, ಹಳೆಯ ಯಂತ್ರವನ್ನು ಹಿಡಿದು ಗಟ್ಟಿ ಮರವನ್ನು ಕೊಯ್ಯುವವನು ಕೆಳಗಿನ ಮಿತಿಯನ್ನೇ ಆರಿಸಿಕೊಳ್ಳಬೇಕು.

ಊರ ಮುಂದಿನ ಹುಣಸೆ, ಹೊಲದ ಬದುವಿನ ಬೇವು ಇವುಗಳ ವಿಷಯವೇನು? ಹಳೆಯ ಹುಣಸೆಯ ಬೊಡ್ಡೆ ಒಂದು ಮೀಟರಿಗೂ ಮಿಗಿಲಾಗಿ ದಪ್ಪವಿರುವುದುಂಟು. ಗಾಳಿಮಳೆಗೆ ಇಂಥದೊಂದು ಉರುಳಿದರೆ ಗಿಡ್ಡ ಬಾರಿನವನು ಸೋಲುವನೆಂದು ತಿಳಿಯಬೇಕಾಗಿಲ್ಲ. ನೆಲಕ್ಕೆ ಬಿದ್ದ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ಯಬಹುದಾದ್ದರಿಂದ ೧೪ ಅಂಗುಲದ ಬಾರಿನಿಂದ ಎರಡು ಅಡಿ ದಪ್ಪದ ದಿಮ್ಮಿಯನ್ನೂ ತುಂಡರಿಸಬಹುದು. ಅದಕ್ಕೂ ಮೀರಿದ್ದನ್ನು ದೊಡ್ಡ ಯಂತ್ರವುಳ್ಳವರಿಗೋ ಕಟ್ಟಿಗೆ ಅಡ್ಡೆಯವರಿಗೋ ಒಪ್ಪಿಸುವುದು ಜಾಣತನ. ವರ್ಷಕ್ಕೊಮ್ಮೆ ಬರುವ ಹುಣಸೆಗಾಗಿ ವರ್ಷವಿಡೀ ಉದ್ದನೆಯ ಬಾರನ್ನು ಹೊತ್ತು ಜಾಲಿಯೊಳಗೆ ನುಗ್ಗುವುದು, ಜಾತ್ರೆಯ ದಿನದ ತೇರಿನ ಹಗ್ಗವನ್ನು ಬಾವಿಯ ಕೊಡಕ್ಕೆ ಕಟ್ಟಿದಂತೆ. ನಿಂತಿರುವ ಮರವನ್ನು ಉರುಳಿಸುವುದಂತೂ ಬೇರೆಯೇ ವಿದ್ಯೆ. ಅದನ್ನು ಬಲ್ಲವರಿಂದಲೇ ಕಲಿಯಬೇಕು. ಕರ್ನಾಟಕದ ೧೯೭೬ರ ಮರಗಳ ಸಂರಕ್ಷಣೆಯ ಕಾಯಿದೆಯಂತೆ ಅನುಮತಿ ಅಗತ್ಯವೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದೂ ಆವಶ್ಯಕ.

ತೀರ ಉದ್ದನೆಯ ಬಾರ್ ಬೇಕೇ ಬೇಕೆನ್ನುವವರಿಗಾಗಿ ತಯಾರಕರು ಒಂದು ಉಪಾಯವನ್ನು ಮಾಡಿದ್ದಾರೆ. ಅದೆಂದರೆ ಎರಡು ಚಾಲಕ ಕೊಂಡಿಗಳಿಗೆ ಒಂದರ ಬದಲು ಮೂರಕ್ಕೆ ಒಂದರಂತೆ ಹಲ್ಲುಗಳಿರುವ ಸರಪಣಿ. ಹಲ್ಲುಗಳ ಸಂಖ್ಯೆ ಮೂರನೆಯ ಒಂದು ಪಾಲು ಇಳಿದು, ಉಳಿದವುಗಳ ಬಲ ಹೆಚ್ಚುವುದು. ನಮ್ಮ ಲೆಕ್ಕ ಸರಿಯೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

ಕೊಳ್ಳುವ ಮುನ್ನ ಅಳೆಯಬೇಕಾದುವು

ಬಾರಿನ ಉದ್ದವೆಂದರೆ ಪಟ್ಟಿಯ ಒಟ್ಟು ಉದ್ದವಲ್ಲ. ಯಂತ್ರದ ಮೈಯಿಂದ ಹೊರಗೆ ಚಾಚಿರುವ, ಕೊಯ್ಯುವ ಕೆಲಸಕ್ಕೆ ಒದಗುವ ಭಾಗ ಮಾತ್ರ. ಉದ್ದದ ಜೊತೆಗೆ ಇನ್ನು ಮೂರು ಅಳತೆಗಳು ಕೂಡಿಬರಬೇಕು. ಮೊದಲನೆಯದು ಪಿಚ್: ಸರಪಣಿಯ ಒಂದರ ಪಕ್ಕದಲ್ಲೊಂದಿರುವ ಮೂರು ರಿವೆಟ್ಟುಗಳಲ್ಲಿ ಮೊದಲನೆಯದರಿಂದ ಮೂರನೆಯದಕ್ಕೆ ಇರುವ ದೂರದ ಅರ್ಧ. ಎರಡನೆಯದು ಗೇಜ್: ಚಾಲಕ ಕೊಂಡಿಯ ನಾಲಗೆಯ ದಪ್ಪ, ಇದು ಸಾಮಾನ್ಯವಾಗಿ ೧.೧, ೧.೩, ೧.೫ ಅಥವಾ ೧.೬ ಮಿಲಿಮೀಟರ್. ಮೂರನೆಯದು ಚಾಲಕ ಕೊಂಡಿಗಳ ಸಂಖ್ಯೆ. ಇವನ್ನು ಬಾರಿನ ಬುಡದಲ್ಲಿ ಅಚ್ಚೊತ್ತಿರುತ್ತಾರೆ. ಅಚ್ಚು ಅಳಿಸಿಹೋಗಿದ್ದರೆ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಬಹುದು. ಪ್ರಯೋಗಶಾಲೆಯ ಆ ಉಪಕರಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇಕೆ?

ಬಾರಿನ ಬುಡದ ಸೀಳು ಮತ್ತು ರಂಧ್ರಗಳು ಯಂತ್ರದ ಬೋಲ್ಟಿಗೂ ಎಣ್ಣೆಯ ಕಿಂಡಿಗೂ ಸರಿಹೊಂದಬೇಕು. ಎಣ್ಣೆಯ ರಂಧ್ರ ಅರ್ಧ ಮುಚ್ಚಿದರೂ ಹೊಸ ಬಾರ್ ಬೇಗನೆ ಸುಟ್ಟುಹೋಗುವುದು. ಸ್ಪ್ರಾಕೆಟ್ಟು ಸವೆದಿದ್ದರೆ ಅದನ್ನೂ ಬದಲಿಸಬೇಕು. ಸವೆದ ಹಲ್ಲುಗಾಲಿಯು ಹೊಸ ಸರಪಣಿಯನ್ನು ಕೆಲವೇ ದಿನಗಳಲ್ಲಿ ಹಾಳುಮಾಡುವುದು. ಎಂಜಿನಿನ ಒತ್ತಡವನ್ನು ಮಾಪಕದಿಂದ ಪರೀಕ್ಷಿಸುವುದು ಮೆಕ್ಯಾನಿಕನಿಗೆ ಕೆಲವೇ ನಿಮಿಷದ ಕೆಲಸ. ಯಂತ್ರ ಎಷ್ಟು ಕುಂದಿದೆಯೆಂಬುದರ ಸುಳಿವು ಅದರಿಂದ ದೊರೆಯುವುದು. ಬುಡಕ್ಕೆ ಕೊಯ್ಯುವಾಗ ಸರಪಣಿಯು ಮಣ್ಣನ್ನಾಗಲಿ ಕಲ್ಲನ್ನಾಗಲಿ ಮುಟ್ಟದಂತೆ ನೋಡಿಕೊಳ್ಳಬೇಕು. ಶಹಾಪುರ ಸುರಪುರಗಳ ಕಡೆಯ ಗ್ರಾನೈಟಿನ ಒಂದು ಹರಳು ಸಾಕು, ಅಷ್ಟೂ ಹಲ್ಲುಗಳನ್ನು ಮೊಂಡು ಮಾಡಲು.

ಇಷ್ಟನ್ನು ಓದಿದ ವಿದ್ಯಾರ್ಥಿಗಳು ಸ್ವತಃ ಮಾಡಬಹುದಾದ ಒಂದು ಕೆಲಸವುಂಟು. ಅದಕ್ಕೆ ಗರಗಸವನ್ನು ಮುಟ್ಟಬೇಕಾಗಿಲ್ಲ. ಒಂದು ಟೇಪನ್ನು ತೆಗೆದುಕೊಂಡು, ನಿಮ್ಮ ಊರಿನವರು ಸಾಮಾನ್ಯವಾಗಿ ಕೊಯ್ಯುವ ಇಪ್ಪತ್ತು ಮೂವತ್ತು ಕಾಂಡಗಳ ಸುತ್ತಳತೆಯನ್ನು ಅಳೆಯಿರಿ. ಪ್ರತಿಯೊಂದನ್ನೂ ೩.೧೪ರಿಂದ ಭಾಗಿಸಿದರೆ ವ್ಯಾಸ ತಿಳಿಯುವುದು. ಸುತ್ತಳತೆ ೯೪ ಸೆಂಟಿಮೀಟರಿದ್ದರೆ ವ್ಯಾಸ ೩೦ ಸೆಂಟಿಮೀಟರ್. ಅದಕ್ಕೆ ತಕ್ಕ ಬಾರ್ ೧೪ ಅಂಗುಲದ್ದು. ಈ ಪಟ್ಟಿಯನ್ನು ಗರಗಸವುಳ್ಳವರಿಗೆ ತೋರಿಸಿರಿ. ಕಾಂಡಗಳಲ್ಲಿ ಹೆಚ್ಚಿನವು ಗಿಡ್ಡ ಬಾರಿನ ಮಿತಿಯೊಳಗೇ ಇರುವುದನ್ನು ಅವರೇ ಕಾಣುವರು. ಉದ್ದನೆಯ ಬಾರ್ ಮರವನ್ನು ಬೇಗ ಕೊಯ್ಯುವುದೆಂಬ ನಂಬಿಕೆಯನ್ನು ಮಾತಿನಿಂದ ಕದಲಿಸುವುದು ಕಷ್ಟ. ಅಳತೆಯಿಂದ ಕದಲಿಸುವುದು ಅಷ್ಟು ಕಷ್ಟವಲ್ಲ.